ಐದು ನಿಮಿಷ ಬಿಟ್ಟು ತೊಳೆಯಿರಿ

ಕಳೆದ ಶನಿವಾರದಿಂದ ನನ್ನ ಎಡಗಣ್ಣು ಕೆಂಪಗಿದೆ. ಕಚೇರಿಯಲ್ಲಿ ಒಬ್ಬರು ಇದು ಮದ್ರಾಸ್ ಐ ಇರಬಹುದೆಂದು ತಮ್ಮ ಕುರ್ಚಿಯನ್ನು ಎರಡು ಅಡಿ ಹಿಂದಕ್ಕೆ ಎಳೆದುಕೊಂಡರು. ಇನ್ನೊಬ್ಬರು, ಮನೆಯಲ್ಲಿ ಏನಾದರೂ ಜಗಳವಾಯಿತೇ ಎಂದು ತಗ್ಗಿದ ದನಿಯಲ್ಲಿ ವಿಚಾರಿಸಿದರು. ನಿಜವಾದ ಕಾರಣ ಬೇರೆಯೇ. ನಾನು ಬಳಸುತ್ತಿರುವ ಔಷಧಿ ಶಾಂಪೂವಿನ ಬಾಟಲಿಯ ಹಿಂಬದಿಯಲ್ಲಿ, ಕನ್ನಡಕ ಹಾಕಿಕೊಂಡರೂ ಕಾಣದಷ್ಟು ಸಣ್ಣ ಅಕ್ಷರಗಳಲ್ಲಿ, ‘ತಲೆಗೆ ಹಚ್ಚಿ ಐದು ನಿಮಿಷ ಬಿಟ್ಟು ತೊಳೆಯಿರಿ’ ಎಂಬ ಸೂಚನೆಯಿದೆ. ಈ ವಾಕ್ಯವನ್ನು ಬರೆದ ಮಹನೀಯರು ಬೆಂಗಳೂರಿನ ಬಾಡಿಗೆ ಮನೆಯ ಬಚ್ಚಲಿನಲ್ಲಿ, ಒಂದೇ ಒಂದು ಬಕೆಟ್ ಬಿಸಿನೀರನ್ನು ಮುಂದಿಟ್ಟುಕೊಂಡು, ಶನಿವಾರ ಬೆಳಿಗ್ಗೆ ಒಂಬತ್ತು ಗಂಟೆಗೆ ಸ್ನಾನ ಮಾಡಿದವರಲ್ಲ ಎಂಬುದನ್ನು ನಾನು ಯಾವ ದೇವರ ಮುಂದೆ ಬೇಕಾದರೂ ಪ್ರಮಾಣ ಮಾಡಿ ಹೇಳಬಲ್ಲೆ.

ತುರಿಕೆ ಶುರುವಾದದ್ದು ಈ ಮಳೆಗಾಲದ ಕೊನೆಯಲ್ಲಿ. ಮೊದಲು ಕಿವಿಯ ಹಿಂದೆ, ಆಮೇಲೆ ನೆತ್ತಿಯಲ್ಲಿ, ಕಡೆಗೆ ಹುಬ್ಬಿನೊಳಗೂ ಮೂಗಿನ ಇಕ್ಕೆಲಗಳಲ್ಲೂ ಹರಡಿ, ಕೆರೆದಲ್ಲೆಲ್ಲ ಚರ್ಮ ಕೆಂಪಾಗಿ, ಜಿಡ್ಡು ಜಿಡ್ಡಾದ ಹಳದಿ ಹಕ್ಕಳೆಗಳು ಏಳತೊಡಗಿದವು. ತಲೆ ಕೆರೆದುಕೊಳ್ಳುವ ಮನುಷ್ಯ ಏನನ್ನೋ ಗಹನವಾಗಿ ಯೋಚಿಸುತ್ತಿದ್ದಾನೆ ಎಂಬ ನಂಬಿಕೆ ನಮ್ಮಲ್ಲಿರುವುದರಿಂದ, ಮೊದಲ ಕೆಲವು ದಿನ ಮೀಟಿಂಗ್‌ಗಳಲ್ಲಿ ನನಗೆ ಹಿಂದೆಂದೂ ಸಿಗದಿದ್ದ ಮರ್ಯಾದೆ ಸಿಕ್ಕಿತು. ಅದು ಬಹಳ ದಿನ ಉಳಿಯಲಿಲ್ಲ. ಪಕ್ಕದ ಮೇಜಿನ ಸಹೋದ್ಯೋಗಿಯೊಬ್ಬರಿಗೆ, ಮಾತನಾಡುತ್ತಲೇ ಎದುರಿಗಿರುವವರ ಹೆಗಲ ಮೇಲಿನ ಹೊಟ್ಟನ್ನು ಕೊಡವಿಬಿಡುವ ಸೇವಾಮನೋಭಾವವಿದೆ. ಅವರ ಕೈಗೆ ನನ್ನ ಹೆಗಲು ಒಂದು ಉದ್ಯೋಗವಾಯಿತು. ನಾನು ಕಪ್ಪು ಮತ್ತು ನೀಲಿ ಅಂಗಿಗಳನ್ನೆಲ್ಲ ಬೀರುವಿನೊಳಗಿಟ್ಟು ಬಿಳಿ ಅಂಗಿಗಳಿಗೆ ಇಳಿದೆ. ಈಗ ನೋಡಿದವರು ನಾನು ಚುನಾವಣೆಗೆ ನಿಲ್ಲುತ್ತಿದ್ದೇನೆಂದು ಭಾವಿಸುತ್ತಾರೆ.

ಇನ್ನು ಸಲಹೆಗಳ ವಿಷಯ. ಹುಳಿ ಮೊಸರು, ನೆನೆಸಿ ರುಬ್ಬಿದ ಮೆಂತ್ಯ, ಬೇವಿನ ಸೊಪ್ಪಿನ ಕಷಾಯ, ನಿಂಬೆಹಣ್ಣಿನ ರಸ, ಎಲ್ಲವನ್ನೂ ಕೇಳಿದೆ, ಕೆಲವನ್ನು ಮಾಡಿಯೂ ನೋಡಿದೆ. ಕೆರೆದು ಗಾಯವಾದ ನೆತ್ತಿಯ ಮೇಲೆ ನಿಂಬೆರಸ ಬಿದ್ದಾಗ ಏನಾಗುತ್ತದೆ ಎಂಬುದನ್ನು ವರ್ಣಿಸುವ ಪದ ಕನ್ನಡದಲ್ಲಿದೆ, ಆದರೆ ಬರೆಯುವಂಥದ್ದಲ್ಲ. ಬಳಿಕ ಮೆಡಿಕಲ್ ಸ್ಟೋರಿನ ಹುಡುಗ, ಇದಕ್ಕೆ ಇದೇ ಸರಿಯೆಂದು ಕಲ್ಲಿದ್ದಲಿನ ಟಾರ್ ಬೆರೆತ ಒಂದು ಶಾಂಪೂ ಕೊಟ್ಟ. ಚರ್ಮದ ಕೋಶಗಳು ಅವಸರದಲ್ಲಿ ಹುಟ್ಟಿ ಉದುರುವುದನ್ನು ಟಾರ್ ನಿಧಾನಗೊಳಿಸುತ್ತದಂತೆ. ಅದನ್ನು ಹಚ್ಚಿದ ದಿನ ಬಿಸಿಲಿಗೆ ಹೋಗುವಾಗ ಎಚ್ಚರವಿರಬೇಕಂತೆ. ಇವೆಲ್ಲ ಸರಿಯೇ, ಆದರೆ ಅದರ ವಾಸನೆ ಬಚ್ಚಲಿನಿಂದ ಹೊರಟು ದೇವರ ಮನೆಯವರೆಗೂ ಹೋಯಿತು. ನಮ್ಮ ರಸ್ತೆಗೆ ಮೂರು ವರ್ಷಗಳಿಂದ ಬೀಳದ ಡಾಂಬರು ಇವರ ತಲೆಗಾದರೂ ಬಿತ್ತಲ್ಲ ಎಂದು ಹೆಂಡತಿ ಫೋನಿನಲ್ಲಿ ತನ್ನ ತಂಗಿಗೆ ಹೇಳುತ್ತಿದ್ದುದು ನನಗೆ ಕೇಳಿಸಿತು.

ಕಡೆಗೆ ಚರ್ಮವೈದ್ಯರ ಬಳಿಗೆ ಹೋದೆ. ಅಮ್ಮನೂ ಜೊತೆಗೆ ಬಂದಳು. ನಲವತ್ತಾರು ವರ್ಷದ ಮಗನ ತಲೆಯ ವಿಷಯವನ್ನು ಮಗನೊಬ್ಬನೇ ಹೋಗಿ ಹೇಳಿದರೆ ವೈದ್ಯರಿಗೆ ತಿಳಿಯುವುದಿಲ್ಲ ಎಂಬುದು ಅವಳ ಅಭಿಪ್ರಾಯ.

ಇಲ್ಲಿ ಒಂದು ಮಾತು ಹೇಳಬೇಕು. ಅಮ್ಮ ತಿಪಟೂರು ಸೀಮೆಯವಳು. ಸುಲಿಯದ ತೆಂಗಿನಕಾಯಿಯನ್ನು ಅಟ್ಟದ ಮೇಲೆ ಹೆಚ್ಚುಕಡಿಮೆ ಒಂದು ವರ್ಷ ಬಿಟ್ಟು, ಒಳಗಿನ ನೀರು ಇಂಗಿ, ಅಲ್ಲಾಡಿಸಿದರೆ ಗಡಗಡ ಸದ್ದು ಮಾಡುವವರೆಗೆ ಕಾದು ಉಂಡೆ ಕೊಬ್ಬರಿ ಮಾಡುವ ಜನ ಅವರು. ಅಂಥ ಮನೆಯಲ್ಲಿ ಹುಟ್ಟಿದವಳಿಗೆ ಕೊಬ್ಬರಿ ಎಣ್ಣೆಯೆಂದರೆ ತವರಿನವರಿದ್ದಂತೆ; ಅದರ ಬಗ್ಗೆ ಯಾರೂ ಎದುರಿಗೆ ಕೂತು ಹಗುರವಾಗಿ ಮಾತನಾಡುವಂತಿಲ್ಲ. ವೈದ್ಯೆಗೆ, ಪಾಪ, ಇದು ತಿಳಿದಿರಲಿಲ್ಲ.

“ಎಣ್ಣೆ ಕಾಣದೆ ತಲೆ ಒಣಗಿ ಹೋಗಿದೆ ಕಣಮ್ಮ, ಅದಕ್ಕೇ ಹೊಟ್ಟು. ಹೇಳಿದ್ರೆ ಕೇಳಲ್ಲ” ಎಂದು ಅಮ್ಮ ನನ್ನ ಪರವಾಗಿ ರೋಗವನ್ನು ನಿರ್ಣಯಿಸಿದಳು.

ವೈದ್ಯೆ ಭೂತಗನ್ನಡಿಯಲ್ಲಿ ನನ್ನ ನೆತ್ತಿಯನ್ನು ನೋಡಿ, ಇದು ಸೆಬೊರಿಕ್ ಡರ್ಮಟೈಟಿಸ್ ಎಂದೂ, ಒಣಗಿ ಬಂದದ್ದಲ್ಲ, ಜಿಡ್ಡಿನಿಂದ ಬಂದದ್ದೆಂದೂ ಹೇಳಿದರು. ಮಲಸೇಜಿಯಾ ಎಂಬ ಒಂದು ಬಗೆಯ ಯೀಸ್ಟ್ ಹೆಚ್ಚುಕಡಿಮೆ ಎಲ್ಲರ ತಲೆಯಲ್ಲೂ ಮನೆ ಮಾಡಿಕೊಂಡಿರುತ್ತದೆ. 1874ರಲ್ಲಿ ಫ್ರಾನ್ಸಿನ ಮಲಾಸೆ ಎಂಬ ವಿಜ್ಞಾನಿ ತಲೆಹೊಟ್ಟಿನಲ್ಲಿ ಅದನ್ನು ಕಂಡು ವಿವರಿಸಿದ್ದರಿಂದ ಆ ಹೆಸರಂತೆ. (ಹಿಮಾಲಯದ ಹೂವಿಗೋ ಆಕಾಶದ ನಕ್ಷತ್ರಕ್ಕೋ ತಮ್ಮ ಹೆಸರಿಡಿಸಿಕೊಂಡವರಿದ್ದಾರೆ, ಈ ಮನುಷ್ಯನಿಗೆ ದಕ್ಕಿದ್ದು ಲೋಕದ ತಲೆಹೊಟ್ಟು.) ಆ ಯೀಸ್ಟಿಗೆ ಬದುಕಲು ಕೊಬ್ಬು ಬೇಕು, ಚರ್ಮದ ಜಿಡ್ಡನ್ನು ತಿಂದು ಅದು ಉಳಿಸಿ ಹೋಗುವ ಆಮ್ಲಗಳು ಕೆಲವರ ಚರ್ಮಕ್ಕೆ ಒಗ್ಗವು, ಆಗ ಉರಿ, ತುರಿಕೆ, ಹೊಟ್ಟು. ಕೊಳಕಿನಿಂದ ಬರುವುದಲ್ಲ, ಒಬ್ಬರಿಂದೊಬ್ಬರಿಗೆ ಅಂಟುವುದಲ್ಲ, ಬೇರುಸಹಿತ ಹೋಗುವುದೂ ಅಲ್ಲ, ಹತೋಟಿಯಲ್ಲಿಟ್ಟುಕೊಳ್ಳಬೇಕು ಅಷ್ಟೆ.

“ಅದರಿಂದ ಎಣ್ಣೆ ಬೇಡ ಅಮ್ಮ. ಎಣ್ಣೆ ಹಚ್ಚಿದರೆ ಅದಕ್ಕೆ ಎಲೆ ಹಾಕಿ ಊಟ ಬಡಿಸಿದ ಹಾಗೆ” ಎಂದರು.

ಅಮ್ಮ ಏನೂ ಮಾತನಾಡಲಿಲ್ಲ. ಆಟೋದಲ್ಲಿ ಎರಡು ಸಿಗ್ನಲ್ ದಾಟುವವರೆಗೂ ಸುಮ್ಮನಿದ್ದವಳು ಮೂರನೆಯದರಲ್ಲಿ, “ಆ ಹುಡುಗಿ ತೆಂಗು ಬೆಳೆಯದ ಕಡೆಯೋಳು ಇರಬೇಕು ಕಣೋ” ಎಂದಳು.

ಬರೆದುಕೊಟ್ಟದ್ದು ಆ ಯೀಸ್ಟನ್ನು ಅಡಗಿಸುವ ಕೀಟೋಕೊನಜೋಲ್ ಎಂಬ ಔಷಧಿ ಎರಡು ಶೇಕಡಾ ಇರುವ ಶಾಂಪೂ: ವಾರಕ್ಕೆ ಎರಡು ಸಲದಂತೆ ನಾಲ್ಕು ವಾರ, ಒಂದು ಸಲಕ್ಕೂ ಮುಂದಿನದಕ್ಕೂ ಮೂರು ದಿನದ ಅಂತರವಾದರೂ ಇರಬೇಕು. ಜೊತೆಗೆ ಉರಿ ತಗ್ಗಲು ರಾತ್ರಿ ಹಚ್ಚುವ ಒಂದು ಸ್ಟಿರಾಯ್ಡ್ ಲೋಷನ್, ಅದೂ ಹೆಚ್ಚು ದಿನ ಹಚ್ಚಿದರೆ ಚರ್ಮ ತೆಳ್ಳಗಾಗುತ್ತದೆ ಎಂಬ ಎಚ್ಚರಿಕೆಯೊಂದಿಗೆ. ಗಂಡಸರು ಬುಧವಾರ ಮತ್ತು ಶನಿವಾರ ತಲೆಗೆ ಎರೆದುಕೊಳ್ಳಬೇಕೆಂಬುದು ನಮ್ಮ ಮನೆಯ ಹಳೆಯ ಪದ್ಧತಿ. ಲೆಕ್ಕ ಹಾಕಿ ನೋಡಿದರೆ ವೈದ್ಯೆಯ ಚೀಟಿಗೂ ಈ ಪದ್ಧತಿಗೂ ಒಂದು ದಿನದ ವ್ಯತ್ಯಾಸವೂ ಇರಲಿಲ್ಲ. ಅಮ್ಮ ಇದನ್ನು ಅರ್ಧ ಗೆಲುವೆಂದು ಸ್ವೀಕರಿಸಿದಳು. ಉಳಿದ ಅರ್ಧವನ್ನು ನಾನೇ ಕೈಯಾರೆ ಕೊಟ್ಟೆ. ಶಾಂಪೂ ಎಂಬ ಮಾತು ಇಂಗ್ಲಿಷಿಗೆ ಹೋದದ್ದು ನಮ್ಮ ಕಡೆಯ ‘ಚಾಂಪೋ’ ಎಂಬ ಹಿಂದಿ ಪದದಿಂದ, ಅದರ ಅರ್ಥ ಅಮುಕು, ಒತ್ತು ಎಂದು. ಪಟ್ನಾದಲ್ಲಿ ಹುಟ್ಟಿದ ಸೇಕ್ ದೀನ್ ಮಹಮ್ಮದ್ ಎಂಬಾತ ಎರಡು ಶತಮಾನಗಳ ಹಿಂದೆ ಇಂಗ್ಲೆಂಡಿನ ಬ್ರೈಟನ್‌ನಲ್ಲಿ ಸ್ನಾನಗೃಹ ತೆರೆದು ರಾಜನಿಗೂ ಈ ಒತ್ತುವ ಸೇವೆ ಮಾಡಿದನೆಂದು ಊಟದ ಹೊತ್ತಿನಲ್ಲಿ ಜಾಣತನ ತೋರಿಸಿದೆ.

“ಅಂದ್ರೆ ಎಣ್ಣೆ ಹಾಕಿ ತಲೆ ಒತ್ತೋದೇ ನಿಜವಾದ ಶಾಂಪೂ” ಎಂದಳು ಅಮ್ಮ. ಸೊಸೆಯ ಕಡೆಗೂ ಒಮ್ಮೆ ನೋಡಿದಳು. ನಾನು ಸಾರನ್ನ ಕಲಸಿಕೊಂಡೆ.

ಈಗ ಆ ಐದು ನಿಮಿಷದ ಮಾತಿಗೆ ಬರುತ್ತೇನೆ. ಔಷಧಿ ಚರ್ಮದ ಮೇಲೆ ಅಷ್ಟು ಹೊತ್ತು ಕೂತರೆ ಮಾತ್ರ ಕೆಲಸ ಮಾಡುತ್ತದೆ. ಹಚ್ಚಿದ ಕೂಡಲೇ ತೊಳೆದುಬಿಟ್ಟರೆ ಅಷ್ಟು ದುಡ್ಡು ಕೊಟ್ಟು ತಂದದ್ದು ಮೋರಿಯ ಯೀಸ್ಟುಗಳ ಆರೋಗ್ಯವನ್ನು ಕೆಡಿಸುವುದಕ್ಕಷ್ಟೇ ಉಪಯೋಗವಾಗುತ್ತದೆ. ಒಪ್ಪಿದೆ. ಆದರೆ ಐದು ನಿಮಿಷವನ್ನು ಬಚ್ಚಲಿನಲ್ಲಿ ಅಳೆಯುವುದು ಹೇಗೆ? ಕನ್ನಡಕವಿಲ್ಲದ ನನಗೆ ಗಡಿಯಾರವೂ ದೋಸೆಯೂ ಒಂದೇ. ಮುನ್ನೂರರವರೆಗೆ ಎಣಿಸುವುದೆಂದು ತೀರ್ಮಾನಿಸಿದರೆ, ನೂರೆಂಬತ್ತರ ಆಸುಪಾಸಿನಲ್ಲಿ ಯಾವುದಾದರೂ ಹಳೆಯ ಸಾಲದ ನೆನಪಾಗಿ ಲೆಕ್ಕ ತಪ್ಪುತ್ತದೆ. ಕುಕ್ಕರಿನ ಸೀಟಿಯನ್ನು ನೆಚ್ಚಿಕೊಂಡರೆ, ಬೇಳೆಯ ದಿನದ ಸೀಟಿ ಬೇರೆ, ಹುರುಳಿಕಾಳಿನ ದಿನದ ಸೀಟಿ ಬೇರೆ. ಅಲ್ಲಿಯವರೆಗೆ ಮೈ ಒದ್ದೆಯಾಗಿ, ಬೆಂಗಳೂರಿನ ಚಳಿ ವೆಂಟಿಲೇಟರಿನಿಂದ ಇಳಿಯುತ್ತಾ, ತಲೆಯ ಮೇಲಿನ ನೊರೆ ಒಂದೊಂದೇ ಗೆರೆಯಾಗಿ ಹಣೆಗೆ ಬರುತ್ತಾ, ಬಕೆಟ್ಟಿನ ನೀರು ತಣ್ಣಗಾಗುತ್ತಾ ಇರುವಾಗ, ಮನುಷ್ಯ ಕಣ್ಣು ಮುಚ್ಚಿ, ಕತ್ತನ್ನು ಹಿಂದಕ್ಕೆ ಚಾಚಿ, ತಪಸ್ಸಿಗೆ ನಿಂತವನಂತೆ ನಿಲ್ಲಬೇಕು. ತಪಸ್ಸಿಗೆ ನಿಂತವರಿಗೆ ಕಡೆಯಲ್ಲಿ ವರವಾದರೂ ಸಿಗುತ್ತಿತ್ತು.

ಕಳೆದ ಶನಿವಾರ ನಾನು ತೊಂಬತ್ತೆರಡನ್ನು ಮುಟ್ಟಿದ್ದೆ. ಆಗ ಗ್ಯಾಸ್ ಸಿಲಿಂಡರ್ ಬಂತು.

ಸಿಲಿಂಡರ್ ಈಗ ಸುಮ್ಮನೆ ಬರುವುದಿಲ್ಲ, ಓಟಿಪಿ ಕೇಳುತ್ತದೆ. ಓಟಿಪಿ ನನ್ನ ಫೋನಿಗೆ ಬಂದಿರುತ್ತದೆ. ಪರದೆಯ ಮೇಲೆ ಸಂದೇಶ ಯಾರಿಗೂ ಕಾಣದಂತೆ ನಾನೇ, ಭದ್ರತೆಯ ದೃಷ್ಟಿಯಿಂದ, ಕಳೆದ ತಿಂಗಳು ವ್ಯವಸ್ಥೆ ಮಾಡಿಕೊಂಡಿದ್ದೆ. ಹೆಂಡತಿ ತರಕಾರಿಗೆ ಹೋಗಿದ್ದಳು. ಅಮ್ಮ ಫೋನನ್ನು ಹಿಡಿದು ಬಚ್ಚಲ ಬಾಗಿಲಿಗೆ ಬಂದು, “ಬೆರಳು ಕೊಡೋ, ಅವನು ಕಾಯ್ತಾ ಇದಾನೆ” ಎಂದಳು.

ಬಾಗಿಲನ್ನು ಒಂದು ಗೇಣು ತೆರೆದು, ಕಣ್ಣು ಮುಚ್ಚಿಕೊಂಡೇ ಕೈಯನ್ನು ಹೊರಗೆ ಚಾಚಿದೆ. ನೊರೆ ಮೆತ್ತಿದ್ದ ಬೆರಳನ್ನು ಫೋನು ಒಪ್ಪಲಿಲ್ಲ. ಅಮ್ಮ ಸೆರಗಿನಿಂದ ನನ್ನ ಹೆಬ್ಬೆಟ್ಟನ್ನು ಒರೆಸಿ, ಮತ್ತೆ ಒತ್ತಿಸಿದಳು. ನೀರಿನಲ್ಲಿ ನೆಂದು ಒಣದ್ರಾಕ್ಷಿಯಂತೆ ಸುಕ್ಕಾಗಿದ್ದ ಆ ಬೆರಳಿನಲ್ಲಿ ನನ್ನ ಗುರುತು ಹಿಡಿಯುವುದು ಫೋನಿಗೆ ಸಾಧ್ಯವಾಗಲಿಲ್ಲ. ಅಮ್ಮ ಉಫ್ ಉಫ್ ಎಂದು ಊದಿದಳು. ಸಾಲದೆಂದು, ಹಿಂದೆ ಸೊಸೈಟಿಯಲ್ಲಿ ಅಜ್ಜಂದಿರಿಗೆ ಮಾಡುತ್ತಿದ್ದಂತೆ ಬೆರಳನ್ನು ಎಡದಿಂದ ಬಲಕ್ಕೆ ಹೊರಳಿಸಿ ಒತ್ತಿಸಿದಳು. ಎಂ.ಎ. ಮಾಡಿಕೊಂಡ ನಮ್ಮ ವಂಶದ ಮೊದಲಿಗ ನಾನು. ಬಚ್ಚಲ ಸಂದಿನಿಂದ ಕೈ ಹೊರಗಿಟ್ಟುಕೊಂಡು ಐದು ಸಲ ಹೆಬ್ಬೆಟ್ಟು ಒತ್ತಿದೆ, ಐದು ಸಲವೂ ತಿರಸ್ಕೃತನಾದೆ. ಆಮೇಲೆ ಫೋನು ನಾಲ್ಕಂಕಿಯ ಪಿನ್ ಕೇಳಿತು. ಅಮ್ಮನಿಗೆ ಕಿವಿ ಸ್ವಲ್ಪ ಮಂದ. ಮೊದಲು ಮೆಲ್ಲಗೆ ಹೇಳಿದೆ, ಆಮೇಲೆ ಜೋರಾಗಿ ಹೇಳಿದೆ, ಮೂರನೆಯ ಸಲ ಕೂಗಿದೆ. ಕೂಗುವಾಗ ತಲೆ ಅಲುಗಿತು. ಅಷ್ಟು ಹೊತ್ತು ಹಣೆಯ ಗಡಿಯಲ್ಲಿ ಹೊಂಚು ಹಾಕಿ ಕೂತಿದ್ದ ಕೀಟೋಕೊನಜೋಲ್ ಆಗ ಕಣ್ಣಿಗೆ ಇಳಿಯಿತು.

ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾಯುತ್ತಾರೆ ಎಂಬ ಮಾತನ್ನು ಕೇಳಿದ್ದೇನೆ. ಎಣ್ಣೆಯೇ ವಾಸಿ.

ಅದೇ ಪಿನ್ ನನ್ನ ಎಟಿಎಂ ಕಾರ್ಡಿಗೂ ಇದ್ದುದರಿಂದ, ಮತ್ತು ಎದುರು ಮನೆಯವರ ಬಾಗಿಲು ಆಗ ತೆರೆದೇ ಇದ್ದುದರಿಂದ, ಸೋಮವಾರ ಅದನ್ನು ಬದಲಾಯಿಸಿ ಬಂದೆ. ಹೊರಗೆ ಸಿಲಿಂಡರಿನವನು ಓಟಿಪಿ ಬರೆದುಕೊಂಡು ಹೊರಡುವ ಮುನ್ನ, ಒಳಗಿನ ಆರ್ತನಾದ ಕೇಳಿ ಅಮ್ಮನನ್ನು ವಿಚಾರಿಸಿದನೆಂದು ಕಾಣುತ್ತದೆ. “ಹೊಟ್ಟಾ ಸಾರ್?” ಎಂದು ಬಚ್ಚಲಿನ ಕಡೆಗೆ ಕೂಗಿದ. “ಹುಳಿ ಮೊಸರು ಹಾಕಿ ಸಾರ್, ನಮ್ಮಣ್ಣಂಗೆ ಹೋಯ್ತು.”

ಇದಾದ ಮೇಲೆ ಮನೆಯಲ್ಲಿ ಒಂದು ವಿಷಯ ಬಯಲಾಯಿತು. ಔಷಧಿ ಶುರು ಮಾಡಿದ ಮೇಲೆ ಬಂದ ದೀಪಾವಳಿಯಲ್ಲಿ, ನರಕ ಚತುರ್ದಶಿಯ ಬೆಳಗಿನ ಎಣ್ಣೆಶಾಸ್ತ್ರವನ್ನು ನಾನು ಬೇಡವೆಂದಿದ್ದೆ. ನಾನು ಹುಟ್ಟಿದಾಗಿನಿಂದ ತಪ್ಪದ ಶಾಸ್ತ್ರ ಅದು. ಅಮ್ಮ ಹಂಡೆಗೆ ಸುಣ್ಣ ಕೆಮ್ಮಣ್ಣು ಬಳಿದು, ಕತ್ತಲಿರುವಾಗಲೇ ಮಣೆಯ ಮೇಲೆ ಕೂರಿಸಿ, ನೆತ್ತಿಯ ಮೇಲೆ ಬೆಚ್ಚಗಿನ ಎಣ್ಣೆ ಸುರಿದು ಅಂಗೈಯಿಂದ ತಪತಪ ತಟ್ಟುತ್ತಿದ್ದಳು. ಆಮೇಲೆ ಸೀಗೇಪುಡಿ ಕಣ್ಣಿಗೆ ಬಿದ್ದು ಅಳುವುದಂತೂ ಹಬ್ಬದ ಭಾಗವೇ ಆಗಿತ್ತು. ಬೆಂಗಳೂರಿಗೆ ಬಂದ ಮೇಲೆ ಹಂಡೆ ಹೋಗಿ ಗೀಸರ್ ಬಂದರೂ ಆ ಅಂಗೈ ಬದಲಾಗಿರಲಿಲ್ಲ. ಈ ಸಲ ಅವಳು ಮಣೆಯನ್ನು ಹಾಕಿ, ಬಟ್ಟಲಿನ ಎಣ್ಣೆಯನ್ನು ಒಂದು ಗಳಿಗೆ ನೋಡಿ, ಬೆರಳ ತುದಿಯಲ್ಲಿ ಅದ್ದಿ ನನ್ನ ಎರಡೂ ಅಂಗಾಲಿಗೆ ಸವರಿದಳು. “ಇಲ್ಲಿಗೆ ಆ ಹುಡುಗಿ ಏನೂ ಹೇಳಿಲ್ಲವಲ್ಲ” ಎಂದಳು. ನನಗೆ ಕಾಲಿಗೆ ಕಚಗುಳಿಯಾಯಿತು, ನಗಲಾಗಲಿಲ್ಲ. ಉಳಿದ ಎಣ್ಣೆಯನ್ನು ಏನು ಮಾಡಿದಳೆಂದು ನಾನು ಕೇಳಿರಲಿಲ್ಲ. ಸಿಲಿಂಡರ್ ಪ್ರಕರಣದ ರಾತ್ರಿ ನನ್ನ ಕಣ್ಣಿಗೆ ತಣ್ಣೀರ ಬಟ್ಟೆ ಇಡುತ್ತಾ, ಅದನ್ನು ಹಾಗೆಯೇ ಎತ್ತಿಟ್ಟಿರುವುದಾಗಿಯೂ, ತಲೆ ವಾಸಿಯಾದ ದಿನ ಬೇಕಾಗುತ್ತದೆಂದೂ ಹೇಳಿದಳು.

ನಿನ್ನೆ ಬುಧವಾರ. ನಾನು ಬಚ್ಚಲಿಗೆ ಹೋಗುವುದರೊಳಗೆ ಅಮ್ಮ ಬಾಗಿಲ ಹೊರಗೆ ಮಣೆ ಹಾಕಿಕೊಂಡು, ಗೋಡೆ ಗಡಿಯಾರವನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು. ಫೋನು ಅವಳ ಸುಪರ್ದಿನಲ್ಲಿತ್ತು. “ನೀನು ಎಣಿಸೋದು ಬೇಡ, ನಾನು ಹೇಳ್ತೀನಿ” ಎಂದವಳು, ಸುಮ್ಮನೆ ಕೂರಲಾರದೆ ಊರಿನ ಸುದ್ದಿ ತೆಗೆದಳು. ಈ ಸಲ ಕೊಬ್ಬರಿಗೆ ಏನು ಬೆಲೆ, ಯಾರ ತೋಟಕ್ಕೆ ನುಸಿ ಬಿದ್ದಿದೆ, ದಾಯಾದಿಗಳ ನಡುವಿನ ಬದುವಿನಲ್ಲಿ ನಿಂತಿರುವ ಒಂದು ತೆಂಗಿನಮರ ಯಾರದ್ದೆಂದು ಹನ್ನೊಂದು ವರ್ಷಗಳಿಂದ ನಡೆಯುತ್ತಿರುವ ಜಗಳ ಈಗ ಎಲ್ಲಿಗೆ ಬಂದಿದೆ ಎಂಬುದನ್ನೆಲ್ಲ ನಾನು ನೊರೆ ಹೊತ್ತು, ಕಣ್ಣು ಮುಚ್ಚಿ, ಮಧ್ಯೆ ಮಧ್ಯೆ ಹೂಂಗುಟ್ಟುತ್ತಾ ಕೇಳಿದೆ. ಚಳಿ ಇತ್ತೋ ಇಲ್ಲವೋ ನೆನಪಿಲ್ಲ. ಮೊನ್ನೆ ಪಂಚಾಯ್ತಿಗೆ ಕೂತಾಗ ಆ ಮರ ಹತ್ತಿ ಕೂತವನು ಇಳಿದನೇ ಇಲ್ಲವೇ ಎನ್ನುವ ಹೊತ್ತಿಗೆ ಸರಿಯಾಗಿ, “ಐದಾಯ್ತು, ನೀರು ಹುಯ್ಕೋ” ಎಂದು ಎದ್ದು ಹೋದಳು.

ತುರಿಕೆ ಮುಕ್ಕಾಲು ಪಾಲು ಹೋಗಿದೆ. ಈ ಶನಿವಾರಕ್ಕೆ ನಾಲ್ಕು ವಾರ ಮುಗಿಯುತ್ತದೆ; ಆಮೇಲೆ ಎರಡು ವಾರಕ್ಕೊಮ್ಮೆ ಹಚ್ಚಿದರೆ ಸಾಕೆಂದು ವೈದ್ಯೆ ಚೀಟಿಯ ಕೆಳಗೆ ಬರೆದಿದ್ದಾರೆ. ಅದು ಇಂಗ್ಲಿಷಿನಲ್ಲಿರುವುದರಿಂದ ಅಮ್ಮ ಓದಿಲ್ಲ, ನಾನೂ ಓದಿ ಹೇಳಿಲ್ಲ. ಮರ ಹತ್ತಿದವನು ಇನ್ನೂ ಮೇಲೆಯೇ ಇದ್ದಾನೆ.