ಒಂದಾಗಲು ಒಲ್ಲದ ಸೊನ್ನೆಗಳು

ರಸ್ಟ್ ಎಂಬ ಪ್ರೋಗ್ರಾಮಿಂಗ್ ಭಾಷೆ 1.0, ಅಂದರೆ ಸ್ಥಿರ ಆವೃತ್ತಿ, ಆದದ್ದು 2015ರ ಮೇ 15ರಂದು. ಅದರಲ್ಲಿ ಬರೆದ, ಎಲ್ಲರೂ ಎರವಲು ಪಡೆಯುವ ಸಿದ್ಧ ಕೋಡಿನ ಪ್ಯಾಕೇಜುಗಳಲ್ಲಿ ಬಹಳಷ್ಟಕ್ಕೆ ಆ ಯೋಗ ಇನ್ನೂ ಕೂಡಿಬಂದಿಲ್ಲ. ಆಪರೇಟಿಂಗ್ ಸಿಸ್ಟಮ್ ಜೊತೆ ಮಾತಾಡುವ ಬಹುತೇಕ ಯಾವುದೇ ಪ್ರಾಜೆಕ್ಟಿನ ಬುಡ ಕೆದಕಿ, ಸಿ ಭಾಷೆಯ ಲೈಬ್ರರಿಯನ್ನು ಕರೆಯಲು ನೆರವಾಗುವ ಲಿಬ್‌ಸಿ ಸಿಗುತ್ತದೆ. ಅದೇ 2015ರಲ್ಲಿ 0.2 ಆದದ್ದು, 0.2ರಲ್ಲೇ ವರ್ಷಗಟ್ಟಲೆ ಕೂತಿತು. ಮೂರನೇ ಅಂಕಿ ಮಾತ್ರ ನೂರೈವತ್ತನ್ನೂ ದಾಟಿ ಓಡಿತು. ಸಂದೇಶ ದಾಖಲಿಸುವ ಲಾಗ್ 0.4, ಯಾದೃಚ್ಛಿಕ ಸಂಖ್ಯೆ ಕೊಡುವ ರ‍್ಯಾಂಡ್ 2025ರಲ್ಲೂ 0.9. ಎಲ್ಲರೂ ಪ್ರೊಬೇಷನ್‌ನಲ್ಲೇ ನಿವೃತ್ತಿಯಾಗುವ ಅಂದಾಜಿನಲ್ಲಿದ್ದಾರೆ.

ವರ್ಷನ್ ಅಂಕಿಗಳಿಗೆ ಅರ್ಥ ಕೊಡುವ ಸೆಮ್‌ವರ್ ನಿಯಮದ ಪ್ರಕಾರ ಮೊದಲ ಅಂಕಿ ಸೊನ್ನೆಯಾಗಿದ್ದರೆ ಕೆಲಸ ಇನ್ನೂ ಆರಂಭದಲ್ಲಿದೆ, ಯಾವಾಗ ಬೇಕಾದರೂ ಏನು ಬೇಕಾದರೂ ಬದಲಾದೀತು. ಪ್ರೊಡಕ್ಷನ್‌ನಲ್ಲಿ ಓಡುತ್ತಿದ್ದರೆ ಬಹುಶಃ ಆಗಲೇ 1.0.0 ಆಗಿರಬೇಕು ಅಂತಲೂ ಅಲ್ಲೇ ಪ್ರಶ್ನೋತ್ತರದಲ್ಲಿ ಬರೆದಿದೆ. ಅಷ್ಟು ಕೆಳಗಿನವರೆಗೆ ಯಾರು ಓದುತ್ತಾರೆ!

ರಸ್ಟಿನ ಪ್ಯಾಕೇಜುಗಳನ್ನು ತಂದು ಜೋಡಿಸುವ ಕಾರ್ಗೋ ಪಾಪ, ಲೋಕಾನುಭವ ಉಳ್ಳದ್ದು. ಇವರು ಜನ್ಮದಲ್ಲಿ 1 ಬರೆಯುವುದಿಲ್ಲ ಎಂದು ಗೊತ್ತಿದ್ದೇ ಅದು ತನ್ನ ಲೆಕ್ಕ ಇಟ್ಟುಕೊಂಡಿದೆ: ಎಡದಿಂದ ಸೊನ್ನೆಯಲ್ಲದ ಮೊದಲ ಅಂಕಿ ಯಾವುದೋ ಅದೇ ಗಡಿ. ನೀವು 1.2.3 ಎಂದು ಬರೆದರೆ ಅಲ್ಲಿಂದ ಹಿಡಿದು 2.0.0ಕ್ಕಿಂತ ಕೆಳಗಿನದೆಲ್ಲ ಸರಿ. 0.2.3 ಎಂದರೆ ಅಲ್ಲಿಂದ 0.3.0ಕ್ಕಿಂತ ಕೆಳಗೆ ಮಾತ್ರ. 0.0.3 ಎಂದರೆ ಅದೊಂದೇ, ಪಕ್ಕದ 0.0.4 ಕೂಡ ಪರಕೀಯ. ಒಂದೇ ಪ್ಯಾಕೇಜಿನಲ್ಲಿ ಗಡಿಯ ಆಚೆಯದೊಂದು ಈಚೆಯದೊಂದು ಬೇಕಾದರೆ ಕಾರ್ಗೋ ಜಗಳ ಬಿಡಿಸಲು ಹೋಗುವುದಿಲ್ಲ, ಎರಡನ್ನೂ ತಂದು ಎರಡನ್ನೂ ಕಂಪೈಲ್ ಮಾಡುತ್ತದೆ. ಬಿಲ್ಡ್ ಸಮಯ ನಿಮ್ಮದು, ಡಿಸ್ಕೂ ನಿಮ್ಮದೇ.

ಅಷ್ಟೇ ಆಗಿದ್ದರೆ ಸಹಿಸಬಹುದಿತ್ತು. ಡಿಜಿಟಲ್ ಸಹಿಯ ಪ್ಯಾಕೇಜಾದ ಇಡಿ25519-ಡಾಲೆಕ್ 2ರಲ್ಲಿ ಒಂದು ಸಹಿ ಕೀ ತಯಾರಿಸಲು ಹೊರಡಿ. ರ‍್ಯಾಂಡ್‌_ಕೋರ್ (ರ‍್ಯಾಂಡಿನ ತಳದ ಪ್ಯಾಕೇಜು) ಫೀಚರ್ ಆನ್ ಮಾಡಿದ್ದೀರಿ, 0.8ಕ್ಕಿಂತ ಹೊಸದಿರಲಿ ಎಂದು ರ‍್ಯಾಂಡ್ 0.9 ಹಾಕಿದ್ದೀರಿ, ಅದರಲ್ಲಿ ಯಾದೃಚ್ಛಿಕ ಸಂಖ್ಯೆ ಹುಟ್ಟಿಸುವ ಆರ್‌ಎನ್‌ಜಿಯನ್ನು ಕೀ ತಯಾರಿಸುವ ಫಂಕ್ಷನ್ನಿಗೆ ಕೊಟ್ಟಿರಿ. ಬೇಕಾದ ಟ್ರೇಟ್, ಅಂದರೆ ಏನೇನು ಮಾಡಬಲ್ಲದು ಎಂಬ ಕರಾರು, ಇದಕ್ಕಿಲ್ಲ ಎನ್ನುತ್ತದೆ ಕಂಪೈಲರ್. ಡಾಕ್ಯುಮೆಂಟೇಷನ್ ತೆರೆದರೆ ಟ್ರೇಟ್ ಕಣ್ಣೆದುರೇ ಇದೆ! ವಿಷಯ ಇಷ್ಟು: ಡಾಲೆಕ್ ಕೇಳುವುದು ರ‍್ಯಾಂಡ್‌_ಕೋರ್ 0.6ರ ಟ್ರೇಟ್, ನೀವು ಕೊಟ್ಟದ್ದು ರ‍್ಯಾಂಡ್‌_ಕೋರ್ 0.9ರದ್ದು. ಹೆಸರು ಒಂದೇ, ಕಂಪೈಲರ್ ಪಾಲಿಗೆ ಎರಡಕ್ಕೂ ಸಂಬಂಧವೇ ಇಲ್ಲ.

ಈಗ ಶುರುವಾಗುವುದು ಭಕ್ತಿಪೂರ್ವಕ ಸೇವೆ. ಕಾರ್ಗೋ ಕ್ಲೀನ್ ಒತ್ತುತ್ತಾರೆ. ಏನೂ ಆಗದು, ಎಲ್ಲ ಮತ್ತೆ ಮೊದಲಿಂದ ಕಂಪೈಲ್ ಆಗುತ್ತದೆ. ಕಾರ್ಗೋ ಅಪ್‌ಡೇಟ್ ಒತ್ತುತ್ತಾರೆ; ಅದು ಗಡಿ ದಾಟುವ ಪೈಕಿ ಅಲ್ಲವೇ ಅಲ್ಲ. ಬಳಸಿದ ವರ್ಷನ್ನುಗಳನ್ನು ಬರೆದಿಟ್ಟ ಲಾಕ್ ಫೈಲನ್ನೇ ಅಳಿಸುತ್ತಾರೆ. ಈ ದೋಷ ಹಾಗೇ ಇದ್ದು, ಸುಮ್ಮನಿದ್ದ ಇನ್ನೂ ನಾಲ್ಕು ಪ್ಯಾಕೇಜು ಮೇಲೇಳುತ್ತವೆ. ಕೊನೆಗೆ 1.0 ಯಾವಾಗ ಎಂದು ಕೇಳಲು ಹೋದರೆ, ಎಪಿಐ (ಹೊರಗಿನವರು ಕರೆಯುವ ಫಂಕ್ಷನ್ನುಗಳ ಪಟ್ಟಿ) ಇನ್ನೂ ಹದಕ್ಕೆ ಬಂದಿಲ್ಲ ಎಂಬ ಉತ್ತರ. ಅದೇ ಎಪಿಐ ಮೇಲೆ ಜಗತ್ತು ಕೀಗಳನ್ನು ತಯಾರಿಸುತ್ತಿದೆ ಎಂಬುದು ಬೇರೆ ಮಾತು.

ಮಾಡಬೇಕಾದದ್ದು ಸಣ್ಣ ಕೆಲಸ. ಯಾವ ಪ್ಯಾಕೇಜು ಯಾವುದನ್ನು ತಂದಿತೆಂದು ತೋರಿಸುವ ಕಾರ್ಗೋ ಟ್ರೀಗೆ ‘-ಡಿ’ ಸೇರಿಸಿದರೆ ಎರಡೆರಡು ವರ್ಷನ್ ಬಂದ ಜೋಡಿಗಳೆಲ್ಲ ಬಯಲಾಗುತ್ತವೆ. ‘-ಐ ರ‍್ಯಾಂಡ್‌_ಕೋರ್@0.6.4’ ಎಂದು ವರ್ಷನ್ ಸಮೇತ ಕೇಳಿದರೆ ಅದನ್ನು ಎಳೆತಂದವರು ಯಾರೆಂದು ತಿಳಿಯುತ್ತದೆ. ವರ್ಷನ್ ಬಿಟ್ಟರೆ ಯಾವುದಪ್ಪಾ ಎಂದು ಕಾರ್ಗೋ ನಿಮ್ಮನ್ನೇ ತಿರುಗಿ ಕೇಳುತ್ತದೆ. ನಿಮ್ಮ ರ‍್ಯಾಂಡನ್ನು 0.8ಕ್ಕೆ ಇಳಿಸಿ, ಅದರ ಕೋರ್ ಕೂಡ 0.6ರದ್ದೇ. 0.9ರಲ್ಲಿ ಆರ್‌ಎನ್‌ಜಿ ಎಂದಿದ್ದ ಫಂಕ್ಷನ್ ಅಲ್ಲಿ ಥ್ರೆಡ್‌_ಆರ್‌ಎನ್‌ಜಿ, ಅದನ್ನೂ ತಿದ್ದಿ. ಆಮೇಲೆ ಆ ಸಾಲಿನ ಪಕ್ಕ ಕಾರಣವನ್ನು ಕಾಮೆಂಟಾಗಿ ಬರೆದಿಡಿ. ಇಲ್ಲವಾದರೆ ಮುಂದಿನ ವಾರ ಯಾರೋ ಉತ್ಸಾಹಿ ‘ಡಿಪೆಂಡೆನ್ಸಿ ಅಪ್‌ಡೇಟ್’ ಎಂಬ ಎರಡೇ ಪದದ ಕಮಿಟ್ ಹಾಕಿ ಅದನ್ನು ಮತ್ತೆ 0.9 ಮಾಡಿರುತ್ತಾರೆ.