ಕೈ ಜೋರಾಗಿದೆ, ಕಾಲೆಲ್ಲಿ?

ಈಗಷ್ಟೇ ಮೈದಾನದಿಂದ ಬಂದೆ. ಶೂ ಕೂಡ ಬಿಚ್ಚಿಲ್ಲ. ಸಿಟ್ಟು ಆರುವ ಮೊದಲೇ ಬರೆದುಬಿಡುತ್ತೇನೆ. ತಣ್ಣಗಾದ ಮೇಲೆ ಬರೆದರೆ ತೀರಾ ಒಳ್ಳೆಯವನ ಹಾಗೆ ಬರೆದುಬಿಡುವ ಚಾಳಿ ನನ್ನದು.

ಅಮೆರಿಕದಲ್ಲಿ ವಾರಾಂತ್ಯ ಬಂದರೆ ನಾನು ಹುಡುಗರ ಬೇಸ್‌ಬಾಲ್ ಪಂದ್ಯಗಳಿಗೆ ಅಂಪೈರ್ ಆಗಿ ನಿಲ್ಲುವುದು ನಿಮಗೆ ಗೊತ್ತೇ ಇದೆ. ಆ ಬೂದು ಪ್ಯಾಂಟಿನ ಫೋಟೋಗೆ ನೀವೆಲ್ಲ ಹಾಕಿದ ಕಾಮೆಂಟುಗಳನ್ನು ಇನ್ನೂ ಮರೆತಿಲ್ಲ. ಇವತ್ತು ನನಗೆ ಡ್ಯೂಟಿ ಇರಲಿಲ್ಲ. ಸುಮ್ನೆ ಕೂತು ನೋಡೋಣ ಅಂತ ಹೋದೆ. ಅದೇ ತಪ್ಪಾಯಿತು.

ಹೈಸ್ಕೂಲ್ ಹುಡುಗರ ಪಂದ್ಯ. ಇಬ್ಬರು ಅಂಪೈರ್‌ಗಳು, ಒಬ್ಬರು ಬ್ಯಾಟರ್ ನಿಲ್ಲುವ ಹೋಮ್ ಪ್ಲೇಟ್ ಹಿಂದೆ, ಇನ್ನೊಬ್ಬರು ಬೇಸ್‌ಗಳಿಗೆ. ಚೆಂಡು ಹೊಡೆದವನು ಓಡುತ್ತಾ ಸುತ್ತಬೇಕಾದ ಮೂರು ಮೂಲೆಗಳೇ ಬೇಸ್‌ಗಳು, ಅವುಗಳ ಮೇಲೆ ಯಾರೂ ಇಲ್ಲ. ಬ್ಯಾಟರ್ ಬಾರಿಸಿದ ಚೆಂಡು ಇಬ್ಬರು ಫೀಲ್ಡರ್‌ಗಳ ನಡುವೆ ತೂರಿಕೊಂಡು ಹೋಯಿತು. ಹುಡುಗ ಎರಡನೇ ಬೇಸ್‌ಗೆ ಓಡುತ್ತಾನೆ ಅಂತ ಚಿಪ್ಸ್ ತಿನ್ನುತ್ತಾ ಕೂತವರಿಗೂ ಗೊತ್ತು. ಬೇಸ್ ಅಂಪೈರ್ ನಿಂತಿದ್ದು ಮೊದಲ ಬೇಸ್ ಹಿಂದೆ, ಲೈನಿನ ಹೊರಗೆ. ಅಲ್ಲೀವರೆಗೆ ಸರಿ, ಶುರುವಿಗೆ ನಿಲ್ಲಬೇಕಾದ ಜಾಗವೇ ಅದು. ಆದರೆ ಚೆಂಡು ಔಟ್‌ಫೀಲ್ಡ್‌ಗೆ ಹೋದ ತಕ್ಷಣ ಆತ ಒಳಗೆ ಓಡಿ ಬರಬೇಕು. ರನ್ನರ್ ಮೊದಲ ಬೇಸ್ ತುಳಿದನಾ ನೋಡಬೇಕು. ಅಲ್ಲೇ ಗಿರಕ್ಕನೆ ತಿರುಗಿ ಅವನ ಜೊತೆಗೇ ಎರಡನೇ ಬೇಸ್ ಕಡೆ ಓಡಬೇಕು. ಇದಕ್ಕೆ ಪಿವಟ್ ಅಂತಾರೆ. ಇಬ್ಬರೇ ಅಂಪೈರ್ ಇರುವ ಆಟದಲ್ಲಿ ಇದು ಅ ಆ ಇ ಈ.

ಪುಣ್ಯಾತ್ಮ ಒಂದು ಹೆಜ್ಜೆ ಇಡಲಿಲ್ಲ. ಹುಡುಗ ಜಾರಿದ, ಚೆಂಡು ಬಂತು, ಔಟ್ ಮಾಡಲು ಚೆಂಡಿರುವ ಗ್ಲೋವ್ ತಾಗಿಸುವ ಟ್ಯಾಗ್ ಬಿತ್ತು. ಈ ಆಸಾಮಿ 90 ಅಡಿಗೂ ಜಾಸ್ತಿ ದೂರದಲ್ಲಿ ಒಂದು ಮೊಣಕಾಲು ಬಗ್ಗಿಸಿ, ಯಂತ್ರದ ಗರಗಸಕ್ಕೆ ಹಗ್ಗ ಎಳೆದು ಸ್ಟಾರ್ಟ್ ಮಾಡುವವನ ಹಾಗೆ ಕೈ ಜಗ್ಗಿ, ಔಟ್ ಅಂತ ಕೂಗಿದ. ಅಬ್ಬಾ, ಏನು ಕೈ! ಫೋಟೋ ತೆಗೆದು ಗೋಡೆಗೆ ಹಾಕಿಕೊಳ್ಳಬಹುದು.

ಔಟೋ ಸೇಫೋ ಬಿಡಿ. ಔಟೇ ಇರಬಹುದು. ನಾನೂ ದೂರದಲ್ಲೇ ಕೂತಿದ್ದೆ. ನನ್ನ ಜಗಳ ತೀರ್ಪಿನ ಬಗ್ಗೆ ಅಲ್ಲ. ಆತ ನಿಂತ ಜಾಗದಿಂದ ಕಾಣುವುದು ಓಡುವ ಹುಡುಗನ ಬೆನ್ನು ಮಾತ್ರ. ಗ್ಲೋವ್ ಮುಟ್ಟಿತಾ, ಕೈ ಮೊದಲು ಬೇಸ್ ಸೇರಿತಾ ಅಂತ ಆತನಿಗೂ ಗೊತ್ತಿರಲಿಲ್ಲ. ಗೊತ್ತಿಲ್ಲದೆ ಅಷ್ಟು ಜೋರಾಗಿ ಕೂಗಿದ್ದೇ ನನ್ನ ಜಗಳ.

ಪಂದ್ಯ ಮುಗಿದ ಮೇಲೆ ಕಾರಿನ ಹತ್ತಿರ ಸಿಕ್ಕಿದ. ಮೆತ್ತಗೇ ಕೇಳಿದೆ, ಯಾಕೆ ಒಳಗೆ ಬರಲಿಲ್ಲ ಅಂತ. ಟಿವಿ ನೋಡಲ್ವಾ ನೀನು, ದೊಡ್ಡ ಲೀಗ್‌ನಲ್ಲಿ ಮೊದಲ ಬೇಸ್ ಅಂಪೈರ್ ಅಲ್ಲೇ ನಿಂತಿರುತ್ತಾನೆ ಅಂದ.

ನವಿಲನ್ನು ನೋಡಿ ಕೆಂಬೂತ ಪುಕ್ಕ ಕೆದರಿದ ಗಾದೆ ಇದೆಯಲ್ಲ, ನಮ್ಮ ಅಜ್ಜಿ ಯಾರನ್ನು ನೋಡಿ ಹೇಳುತ್ತಿದ್ದಳೋ ಗೊತ್ತಿಲ್ಲ. ಇವನನ್ನು ನೋಡಿದ್ದರೆ ಖಂಡಿತ ಇವನಿಗೇ ಹೇಳುತ್ತಿದ್ದಳು.

ದೊಡ್ಡ ಲೀಗ್ ಅಂದರೆ ಮೇಜರ್ ಲೀಗ್, ಅಮೆರಿಕದ ಅತಿ ದೊಡ್ಡ ವೃತ್ತಿಪರ ಬೇಸ್‌ಬಾಲ್. ಅಲ್ಲಿ ಒಂದು ಪಂದ್ಯಕ್ಕೆ 4 ಅಂಪೈರ್‌ಗಳು. ಅಕ್ಟೋಬರ್‌ನ ನಾಕೌಟ್ ಪಂದ್ಯಗಳಲ್ಲಿ 6. ನಾಲ್ಕು ಜಾಗ, ನಾಲ್ಕು ಜನ. ಎರಡನೇ ಬೇಸ್ ನೋಡಿಕೊಳ್ಳಲು ಅಲ್ಲಿ ಬೇರೆಯವನೇ ಇದ್ದಾನೆ. ಹಾಗಿದ್ದೂ ಅವರು ನಿಂತೇ ಇರುತ್ತಾರಾ? ಇಲ್ಲ! ಇವತ್ತಿನಂಥದ್ದೇ ಹೊಡೆತ ಬಿದ್ದು, ಎರಡನೇ ಬೇಸ್ ಅಂಪೈರ್ ಚೆಂಡಿನ ಹಿಂದೆ ಔಟ್‌ಫೀಲ್ಡ್‌ಗೆ ಓಡಿದ ಅಂದುಕೊಳ್ಳಿ. ಮೂರನೇ ಬೇಸ್‌ನವನು ಎರಡನೇ ಬೇಸ್‌ಗೆ ಬರುತ್ತಾನೆ. ಪ್ಲೇಟ್ ಹಿಂದಿದ್ದವನು ಮೂರನೇ ಬೇಸ್‌ಗೆ ಹೋಗುತ್ತಾನೆ. ಮೊದಲ ಬೇಸ್‌ನವನು, ಅದೇ ನಮ್ಮ ಆಸಾಮಿಯ ಗುರು, ರನ್ನರ್ ಬೇಸ್ ತುಳಿದದ್ದನ್ನು ನೋಡಿಕೊಂಡು ಹೋಮ್ ಪ್ಲೇಟ್‌ಗೆ ಓಡುತ್ತಾನೆ. ಅಂದರೆ ಶಿಷ್ಯ ಇಲ್ಲಿ ಸೊಂಟದ ಮೇಲೆ ಕೈಯಿಟ್ಟು ನಿಂತ ಹೊತ್ತಿಗೆ ಗುರು ಅಲ್ಲಿ ಅರ್ಧ ದಾರಿ ಓಡಿರುತ್ತಿದ್ದ.

ಟಿವಿಯಲ್ಲಿ ಇದು ಕಾಣಲ್ಲ. ಕ್ಯಾಮೆರಾ ಚೆಂಡಿನ ಬೆನ್ನು ಹತ್ತಿ ಹೋಗುತ್ತದೆ. ಅಂಪೈರ್ ಕಾಣುವುದು ಓಟವೆಲ್ಲ ಮುಗಿಸಿ, ಸರಿಯಾದ ಜಾಗದಲ್ಲಿ ನಿಂತು, ಕೈ ಎತ್ತುವಾಗ. ನೋಡುವವರು ಕೈ ಮಾತ್ರ ಕಲಿಯುತ್ತಾರೆ. ನಾನು ಮೊದಲ ಸಲ ದೊಡ್ಡ ಸ್ಟೇಡಿಯಂಗೆ ಹೋದಾಗ ಮೇಲಿನ ಮಹಡಿಯಲ್ಲಿ ಸೀಟು ಸಿಕ್ಕಿತ್ತು. ಆಟಗಾರರು ಇರುವೆಗಳ ಹಾಗೆ ಕಾಣುತ್ತಿದ್ದರು. ಬೇಜಾರಾಗಿ ಅಂಪೈರ್‌ಗಳನ್ನೇ ನೋಡುತ್ತಾ ಕೂತೆ. ಒಂದು ಹೊಡೆತಕ್ಕೆ ನಾಲ್ವರೂ ಒಟ್ಟಿಗೆ ಜಾಗ ಬದಲಿಸಿದರು. ಚಿಕ್ಕವರಿದ್ದಾಗ ಆಡುತ್ತಿದ್ದ ಕಂಬದಾಟದ ಹಾಗೆ! ಯಾರೂ ಯಾರನ್ನೂ ಕೂಗಲಿಲ್ಲ, ಯಾವ ಕಂಬವೂ ಖಾಲಿ ಉಳಿಯಲಿಲ್ಲ. ಅವತ್ತು ಯಾರು ಗೆದ್ದರು ಅಂತ ಕೇಳಿದರೆ ಈಗ ನನಗೆ ನೆನಪಿಲ್ಲ.

ಈಗ ಲೆಕ್ಕ ಹಾಕಿ. ಅಲ್ಲಿ ನಾಲ್ಕು ಜಾಗಕ್ಕೆ ನಾಲ್ಕು ಜನ, ಆದರೂ ಓಡುತ್ತಾರೆ. ಇಲ್ಲಿ ಅದೇ ನಾಲ್ಕು ಜಾಗಕ್ಕೆ ಇಬ್ಬರು. ನಾವು ಅವರಿಗಿಂತ ಜಾಸ್ತಿ ಓಡಬೇಕೋ, ಕಡಿಮೆಯೋ?

ದೊಡ್ಡ ಲೀಗ್‌ನವರು ಕಲಿತದ್ದೂ ಹೀಗೇ. ಕೆಳಗಿನ ಲೀಗ್‌ಗಳಲ್ಲಿ ಇಬ್ಬರೇ ಇದ್ದು, ವರ್ಷಗಟ್ಟಲೆ ಪಿವಟ್ ಮಾಡಿ ಮಾಡಿ, ಆಮೇಲೆ ಮೂವರ ತಂಡ, ಕೊನೆಗೆ ನಾಲ್ವರದ್ದು. ಜೆನ್ ಪಾವಲ್ 2025ರ ಆಗಸ್ಟ್‌ನಲ್ಲಿ ಮೇಜರ್ ಲೀಗ್‌ನ ಮೊದಲ ಮಹಿಳಾ ಅಂಪೈರ್ ಆದರಲ್ಲ, ಅವರು ಕೆಳಗಿನ ಲೀಗ್ ಸೇರಿದ್ದು 2016ರಲ್ಲಿ. ಒಂಬತ್ತು ವರ್ಷ! ನಮ್ಮವನು ಸೋಫಾದ ಮೇಲೆ ಒಂದೇ ಸೀಸನ್‌ನಲ್ಲಿ ಕಲಿತುಬಿಟ್ಟ.

ಇನ್ನೊಂದು ಮಾತು. ಓಡು ಅಂದರೆ ಹತ್ತಿರ ಹೋಗು ಅಂತಲ್ಲ. ತೀರಾ ಮೂಗಿನ ಹತ್ತಿರ ಹೋದರೂ ಕಾಣಲ್ಲ. ಬೇಕಾಗಿರುವುದು ಕೋನ. ಕ್ರಿಕೆಟ್‌ನಲ್ಲಿ ರನೌಟ್ ಆಗುವಾಗ ಬೌಲರ್ ತುದಿಯ ಅಂಪೈರ್ ಪಕ್ಕಕ್ಕೆ ಓಡಿ ಕ್ರೀಸಿನ ಗೆರೆಗೆ ನೇರವಾಗಿ ನಿಲ್ಲುತ್ತಾರಲ್ಲ, ಅದೇ ಕಥೆ. ಮೊದಲ ಬೇಸ್‌ನಲ್ಲಿ ಚೆಂಡು ಬರುವ ದಾರಿಗೆ ಅಡ್ಡ ಕೋನದಲ್ಲಿ ನಿಂತು, ಕಣ್ಣನ್ನು ಬೇಸ್ ಮೇಲಿಟ್ಟು, ಚೆಂಡು ಗ್ಲೋವ್‌ಗೆ ಬಿದ್ದ ಸದ್ದನ್ನು ಕಿವಿಯಲ್ಲಿ ಹಿಡಿಯಬೇಕು. ಪ್ಲೇಟ್ ಹಿಂದೆ ಕ್ಯಾಚರ್‌ಗೂ ಬ್ಯಾಟರ್‌ಗೂ ನಡುವಿನ ಸಂದಿಯಲ್ಲಿ ತಲೆ ಅಲ್ಲಾಡದೆ ಇರಬೇಕು. ಮೇಜರ್ ಲೀಗ್‌ನ ಹಳೆಯ ಅಂಪೈರ್ ಜೆರಿ ಡೇವಿಸ್ ಹೆಸರಿನಲ್ಲಿ ಒಂದು ನಿಲುವೇ ಇದೆ, ಕೈಗಳನ್ನು ಮೊಣಕಾಲಿಗೆ ಕೀಲಿ ಹಾಕಿದ ಹಾಗೆ ಊರಿ ನಿಲ್ಲುವುದು. ತಲೆ ಅಲುಗಬಾರದು ಅಂತಲೇ ಅದು. ಇವತ್ತಿನ ಪ್ಲೇಟ್ ಅಂಪೈರ್ ಕೂಡ ಹಾಗೇ ಕೈ ಊರಿದ್ದರು. ತಲೆ ಮಾತ್ರ ಪ್ರತಿ ಚೆಂಡಿಗೂ ತೂಕಡಿಸುವವರ ಹಾಗೆ ಕೆಳಗೆ ಹೋಗುತ್ತಿತ್ತು.

ನೀವು ಕೇಳುವುದು ಗೊತ್ತು. ಸಿಗುವ ನಾಲ್ಕು ಕಾಸಿಗೆ, ಆ ವಯಸ್ಸಿಗೆ, ಆ ಮೊಣಕಾಲಿಗೆ ಇಷ್ಟೆಲ್ಲ ಯಾಕೆ ಅಂತ. ಕಾಸು ಕಡಿಮೆ, ಹೌದು. ಮೊಣಕಾಲು ನನ್ನದೂ ನೋಯುತ್ತದೆ. ಆದರೆ ಒಂದು ಮೊಣಕಾಲು ಬಗ್ಗಿಸಿ ಗರಗಸ ಎಳೆಯಲು ಬರುವ ಕಾಲಿಗೆ 15 ಹೆಜ್ಜೆ ಓಡಲು ಬರಲ್ವಾ?

ಮೇಜರ್ ಲೀಗ್ ಅಂಪೈರ್ ಜಿಮ್ ಜಾಯ್ಸ್ ಹೆಸರು ತೆಗೆಯುವವರೂ ಇದ್ದಾರೆ. 2010ರ ಜೂನ್ 2, ಡೆಟ್ರಾಯಿಟ್. ಚೆಂಡೆಸೆಯುವ ಅರ್ಮಾಂಡೋ ಗಲರಾಗ ಸತತ 26 ಬ್ಯಾಟರ್‌ಗಳನ್ನು ಔಟ್ ಮಾಡಿದ್ದ. ಇನ್ನೊಬ್ಬ ಔಟಾದರೆ ಪರ್ಫೆಕ್ಟ್ ಗೇಮ್, ಅಂದರೆ ಇಡೀ ಪಂದ್ಯದಲ್ಲಿ ಎದುರಾಳಿಯ ಒಬ್ಬನೂ ಬೇಸ್ ಸೇರದ ಆಟ. 27ನೆಯವನು ಮೊದಲ ಬೇಸ್‌ನಲ್ಲಿ ಸ್ಪಷ್ಟವಾಗಿ ಔಟ್, ಜಾಯ್ಸ್ ಸೇಫ್ ಅಂದರು. ನೋಡಿ, ಸರಿಯಾದ ಜಾಗದಲ್ಲಿ ನಿಂತರೂ ತಪ್ಪಾಗುತ್ತದೆ ಅನ್ನುತ್ತಾರೆ. ಆಗುತ್ತದೆ ಮಾರಾಯರೇ! ಅಲ್ಲಿ ತಪ್ಪಿದ್ದು ಕಣ್ಣು, ಕಾಲಲ್ಲ. ರೀಪ್ಲೇ ನೋಡಿ ಅವರು ಗಲರಾಗನ ಕ್ಷಮೆ ಕೇಳಿದರು. ಮರುದಿನ ಆ ಹುಡುಗನೇ ಬಂದು ಆಟಗಾರರ ಪಟ್ಟಿ ಕೈಗೆ ಕೊಟ್ಟಾಗ ಅತ್ತರು. ಓಡಿ, ನಿಂತು, ನೋಡಿ ತಪ್ಪಿದವನ ಅಳು ಅದು. ನಮ್ಮವನು ಅಳಲು ಮೊದಲು ನೋಡಿರಬೇಕಲ್ಲ.

ಇನ್ನು ಯಂತ್ರ ಬಂತಲ್ಲ ಅನ್ನಬೇಡಿ. 2026ರಿಂದ ಮೇಜರ್ ಲೀಗ್‌ನಲ್ಲಿ, ಎಸೆದ ಚೆಂಡು ಸರಿಯಾದ ಜಾಗದಲ್ಲಿ ಬಂತಾ ಇಲ್ಲವಾ ಅನ್ನುವ ಬಾಲ್-ಸ್ಟ್ರೈಕ್ ತೀರ್ಪನ್ನು ಯಂತ್ರದ ಮುಂದೆ ಪ್ರಶ್ನಿಸಲು ತಂಡಕ್ಕೆ 2 ಅವಕಾಶ. ಆ ಯಂತ್ರ ಹೈಸ್ಕೂಲ್ ಹುಡುಗನ ಜೊತೆ ಎರಡನೇ ಬೇಸ್‌ಗೆ ಓಡಿ ಬರಲ್ಲ.

ಇಷ್ಟೆಲ್ಲ ಬೈದ ಮೇಲೆ ಒಂದು ವಿಷಯ ಹೇಳದಿದ್ದರೆ ನನ್ನ ಹೆಂಡತಿಯೇ ಕಾಮೆಂಟಿನಲ್ಲಿ ಹೇಳಿಬಿಡುತ್ತಾಳೆ. ಕಳೆದ ವರ್ಷ ಬೇಸ್ ಅಂಪೈರ್ ನಾನು. ಮೊದಲ ಬೇಸ್‌ನಲ್ಲಿ ರನ್ನರ್ ಇದ್ದ. ಚೆಂಡು ಬಲಗಡೆಯ ಔಟ್‌ಫೀಲ್ಡ್‌ಗೆ ಹೋಯಿತು. ಆ ರನ್ನರ್ ಮೂರನೇ ಬೇಸ್‌ಗೆ ಬಂದರೆ ಅದು ಪ್ಲೇಟ್ ಅಂಪೈರ್ ಪಾಲು. ಮೊದಲ ಮತ್ತು ಎರಡನೇ ಬೇಸ್ ನನ್ನದು. ಅವರು ಮೂರನೇ ಬೇಸ್ ನನ್ನದು ಅಂತ ಕೂಗಿದರು ಕೂಡ. ನನಗೆ ಕೇಳಿಸಲಿಲ್ಲ. ಸೊಗಸಾದ ಹೊಡೆತ, ನೋಡುತ್ತಾ ನಾನೂ ಮೂರನೇ ಬೇಸ್‌ಗೆ ಓಡಿದೆ. ಅಲ್ಲಿ ಇಬ್ಬರೂ ಎದುರುಬದುರು. ಮದುವೆ ಮನೆಯ ಬಾಗಿಲಲ್ಲಿ ಬೀಗರು ಸಿಕ್ಕ ಹಾಗೆ. ಅಷ್ಟರಲ್ಲಿ ಚೆಂಡು ಹಿಂದೆ ಮೊದಲ ಬೇಸ್‌ಗೆ ಹೋಗಿತ್ತು. ಬೇಸ್ ಬಿಟ್ಟು ಮುಂದೆ ಬಂದಿದ್ದ ಬ್ಯಾಟರ್ ವಾಪಸ್ ಹಾರಿದ್ದ. ಎಲ್ಲರೂ ನನ್ನ ಮುಖ ನೋಡಿದರು. ಸೇಫ್ ಅಂದೆ. ಜೋರಾಗಿ ಅಂದೆ, ಎರಡೂ ಕೈ ಚಾಚಿ. ಆ ಹುಡುಗ ಮಣ್ಣು ಕೊಡವಿಕೊಂಡು ನನ್ನನ್ನು ನೋಡಿ ನಕ್ಕ. ಆ ನಗು ಈಗಲೂ ಒಮ್ಮೊಮ್ಮೆ ರಾತ್ರಿ ನೆನಪಾಗುತ್ತದೆ. ಇವತ್ತು ಆ ಗರಗಸ ನೋಡಿ ಅಷ್ಟು ಉರಿದದ್ದು ಅದಕ್ಕೇ ಇರಬೇಕು.

ಬರುವ ಶನಿವಾರ ಆ ಆಸಾಮಿಗೂ ನನಗೂ ಒಟ್ಟಿಗೆ ಡ್ಯೂಟಿ ಬಿದ್ದಿದೆ. ಪ್ಲೇಟ್ ನನ್ನದು, ಬೇಸ್ ಆತನದು. ಆತನಿಗೆ ಕನ್ನಡ ಬರಲ್ಲ ಅನ್ನುವುದೊಂದೇ ಧೈರ್ಯ. ದಯವಿಟ್ಟು ಯಾರೂ ಆತನನ್ನು ಟ್ಯಾಗ್ ಮಾಡಬೇಡಿ, ಈ ಹಾಳು ಫೇಸ್‌ಬುಕ್‌ನಲ್ಲಿ ಅನುವಾದದ ಬಟನ್ ಬೇರೆ ಇದೆ.