ಎತ್ರ ಎಷ್ಟು?

ನನ್ನ ಎತ್ತರ ನಾಲ್ಕು ಅಡಿ ಹತ್ತು ಇಂಚು. ನಮ್ಮ ಸಾಗರದ ಕಡೆ 'ಎತ್ತರ' ಎಂದು ಪೂರ್ತಿ ಬಾಯಿ ಬಿಟ್ಟು ಹೇಳುವವರು ಕಡಿಮೆ. ನಡುವಿನದನ್ನು ನುಂಗಿ 'ಎತ್ರ' ಎಂದರೆ ಮುಗಿಯಿತು. ನನ್ನಂಥವಳಿಗೆ ಅಷ್ಟು ಗಿಡ್ಡ ಪದ ಧಾರಾಳವಾಯಿತು ಬಿಡಿ.

1956ರ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಸೇರಿತೆಂದು ಶಾಲೆಯಲ್ಲಿ ಓದಿದ್ದೆ. ನಮ್ಮ ಎತ್ರವೂ ಅದರ ಜೊತೆಗೇ ಹೋಗಿದೆ ಎಂದು ಗೊತ್ತಾದದ್ದು ಮದುವೆಯಾಗಿ ಬದಿಯಡ್ಕದ ಹತ್ತಿರ ಬಂದು, ಬಾಗಿಲ ಪರದೆ ತರಲು ಪೇಟೆಗೆ ಹೋದಾಗ. ಬಣ್ಣ ತೋರಿಸಿದೆ. ಅಂಗಡಿಯವರು "ಎತ್ರ?" ಎಂದರು. ಆಹಾ, ಕನ್ನಡ ಬರುತ್ತದೆ ಇವರಿಗೆ! ಬಾಗಿಲಿನ ಅಳತೆ ಮನಸ್ಸಲ್ಲೇ ಇತ್ತು, "ಏಳು" ಎಂದೆ. ಬಿಲ್ಲು ನೋಡಿ ಎದೆ ಧಸಕ್ಕೆಂದರೂ ಈ ಊರಿನ ದರವೇ ಹೀಗಿರಬೇಕು ಎಂದು ಕೊಟ್ಟು ಬಂದೆ.

ಮನೆಯಲ್ಲಿ ಕಟ್ಟು ಬಿಚ್ಚಿದ ಅತ್ತೆ ಎಣಿಸಿದರು. ಮತ್ತೊಮ್ಮೆ ಎಣಿಸಿದರು. "ಅಲ್ಲ ಕೂಸೇ, ಚಾವಡಿಲಿ ಬಾಗಿಲು ಇಪ್ಪದೇ ಎರಡು. ಒಳುದ ಐದರ ಎಲ್ಲಿ ನೇಲುಸುದು?"

ಮಲಯಾಳದಲ್ಲಿ 'ಎತ್ರ' ಎಂದರೆ 'ಎಷ್ಟು' ಎಂದು ನನ್ನವರು ಸಾವಕಾಶವಾಗಿ, ಬಹಳ ಸಂತೋಷದಿಂದ ವಿವರಿಸಿದರು. ತುಳುವಿನಲ್ಲಿ ಅದೇ 'ಏತ್'. ಎತ್ತರಕ್ಕೆ ಮಲಯಾಳದವರು 'ಪೊಕ್ಕಂ' ಎನ್ನುತ್ತಾರೆ. ಹಳಗನ್ನಡದಲ್ಲಿ 'ಪೊಕ್ಕು' ಎಂದರೆ ಒಳಹೊಕ್ಕು! ಅವರದು ಮೇಲಕ್ಕೆ, ನಮ್ಮದು ಒಳಕ್ಕೆ. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಎಂಬುದು ಇದಕ್ಕೇ ಇರಬೇಕು. ನನ್ನ ಗಂಡನ ಮನೆಯಲ್ಲಂತೂ ಈ ರಗಳೆಯೇ ಇಲ್ಲ. ನಿಂತ ತೆಂಗಿನಮರವೂ ಉದ್ದ, ಬಿದ್ದದ್ದೂ ಉದ್ದ. ಮಾರಿದ ಮಾಲು ವಾಪಸಿಲ್ಲ ಎಂದು ಅಂಗಡಿಯ ಗೋಡೆಯಲ್ಲಿ ಮಲಯಾಳದಲ್ಲಿ ಬರೆದಿತ್ತಂತೆ. ಐದು ಪರದೆಗಳಲ್ಲಿ ಒಂದು ಈಗ ಅಡಿಕೆ ಗೋಣಿಯ ಮೇಲಿದೆ, ಒಂದು ಗ್ರೈಂಡರಿನ ಮೇಲೆ.

ನನ್ನ ಪಾಡು ಹೀಗಿರುವಾಗಲೇ ಊರಿಂದ ತಮ್ಮ ಬಂದ. ಪೊಸಡಿ ಗುಂಪೆ ನೋಡಬೇಕೆಂದ. ದಾರಿಯಲ್ಲಿ ಗುಡ್ಡದ ಕಡೆ ಕೈ ತೋರಿಸಿ ಆಟೋದವರನ್ನು ಕೇಳಿದ: "ಎತ್ರ ಎಷ್ಟು?" ಪಾಪ, ಅವರ ಕಿವಿಗೆ 'ಎಷ್ಟು ಎಷ್ಟು' ಎಂದು ಎರಡೆರಡು ಸಲ ಬಿದ್ದಿರಬೇಕು, ತಿರುಗಿ ನೋಡಿ "ಮುನ್ನೂರು" ಎಂದರು. "ಬರೀ ಮುನ್ನೂರಾ? ಸಾಧ್ಯವೇ ಇಲ್ಲ, ಸಾವಿರದ ಮೇಲೇ ಇದೆ!" ಎಂದ ನನ್ನ ತಮ್ಮ. ಗುಂಪೆ ಸಾವಿರ ಅಡಿ ದಾಟಿರುವುದು ನಿಜ. ಆದರೆ ಆಟೋದವರು ಮರುಮಾತಿಲ್ಲದೆ ಒಪ್ಪಿಕೊಂಡದ್ದು ಆ ಕಾರಣಕ್ಕಲ್ಲ.

ಅಂದಿನಿಂದ ನಾನು ಹುಷಾರು. 'ಎತ್ರ' ಎಂದರೆ ಎಣಿಸಿ ಹೇಳುವುದು ಎಂದು ಬಾಯಿಪಾಠ ಮಾಡಿಕೊಂಡೆ. ಕಳೆದ ತಿಂಗಳು ಅತ್ತೆಯ ಜೊತೆ ಆಸ್ಪತ್ರೆಗೆ ಹೋದಾಗ ನನ್ನ ಚೀಟಿಯನ್ನೂ ಮಾಡಿಸೋಣವೆಂದು ಕೌಂಟರಿನ ಮುಂದೆ ನಿಂತೆ. ಅಲ್ಲಿದ್ದ ಹುಡುಗಿ ತಲೆ ಎತ್ತದೆ ಬರೆಯುತ್ತಾ ಹೆಸರು ಕೇಳಿದಳು, ಪ್ರಾಯ ಕೇಳಿದಳು, ಆಮೇಲೆ "ಎತ್ರ?" ಎಂದಳು.

"ಎರಡು" ಎಂದೆ ಠೀವಿಯಿಂದ.

ಅವಳ ಪೆನ್ನು ನಿಂತಿತು. ಕುರ್ಚಿಯಿಂದ ಎದ್ದು, ಕೌಂಟರಿನ ಮೇಲೆ ಬಾಗಿ, ಈಚೆ ಬದಿಯಲ್ಲಿ ನನ್ನ ಚಪ್ಪಲಿಯವರೆಗೂ ನೋಡಿದಳು.